ಹಾವಸೆಯ ಚಿತ್ರವೂ ಮದುವೆಮನೆಯ ಗ್ರೂಪ್ ಫೋಟೊವೂ

ಓದುಗರ ಪ್ರಶ್ನೆ, ಹಳೆಯ ಸ್ಟುಡಿಯೋದವನ ಉತ್ತರ

ಮಳೆಗಾಲದ ಚಿತ್ರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಜೋಗದ ಜಲಪಾತವೇ ಚೀಲ ತುಂಬಿ ಬರುತ್ತದೆ ಎಂದುಕೊಂಡಿದ್ದೆ. ಬಂದವುಗಳಲ್ಲಿ ಹೆಚ್ಚಿನವು ಕಲ್ಲಿನ ಮೇಲಿನ ಹಾವಸೆ ಮತ್ತು ಧರೆಯ, ಅಂದರೆ ಕಡಿದು ನಿಂತ ಮಣ್ಣಿನ ಗೋಡೆಯ, ಜರಿಗಿಡಗಳವು. ಸಂತೋಷವಾಯಿತು. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ತೀರ್ಥಹಳ್ಳಿ ಸೀಮೆಯಲ್ಲಿ ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ಮದುವೆ, ಉಪನಯನ, ಪಾಸ್‌ಪೋರ್ಟ್ ಅಳತೆಯ ಮುಖಗಳು ಅನ್ನ ಹಾಕಿದವು. ಜರಿಗಿಡಗಳನ್ನು ಲಗ್ನವಿಲ್ಲದ ಆಷಾಢದಲ್ಲಿ ತೆಗೆದೆ. ನನ್ನ ಉತ್ತರಗಳಿಗೆ ಮದುವೆಮನೆಯ ವಾಸನೆ ಹತ್ತಿದ್ದರೆ ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮ ಮನೆಯ ಹಿಂದಿನ ಧರೆಯಲ್ಲಿ ಶ್ರಾವಣದ ಹೊತ್ತಿಗೆ ಹಾವಸೆ, ಜರಿ ತುಂಬಿಕೊಳ್ಳುತ್ತವೆ. ಕಣ್ಣಿಗೆ ಎಷ್ಟು ತಂಪು! ಫೋಟೊದಲ್ಲಿ ಮಾತ್ರ ಹಸಿರು ಗೊಜ್ಜಿನಂತೆ ಕಾಣುತ್ತದೆ. ಮೂರು ಚಿತ್ರ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ?
— ಗೃಹಿಣಿ, ಕೊಪ್ಪ

ಗೊಜ್ಜು ಎಂಬ ಮಾತು ನಿಮ್ಮದೇ ಅಮ್ಮ, ನನಗೆ ಅದನ್ನು ಹೇಳುವ ಧೈರ್ಯವಿರಲಿಲ್ಲ. ಧರೆಯ ಮುಂದೆ ನಿಂತಾಗ ನಿಮ್ಮ ಕಣ್ಣು ತನಗೆ ಬೇಕಾದ ಒಂದು ಎಸಳನ್ನು ಆರಿಸಿಕೊಂಡು ಉಳಿದದ್ದನ್ನು ಮರೆತುಬಿಟ್ಟಿರುತ್ತದೆ. ಕ್ಯಾಮೆರಾಕ್ಕೆ ಮರೆವಿಲ್ಲ. ನಿಮ್ಮ ಎರಡನೆಯ ಚಿತ್ರವನ್ನೇ ತೆಗೆದುಕೊಳ್ಳೋಣ. ನಡುವೆ ಚೆಂದದ ಹಂಸಪಾದಿ ಜರಿ ಇದೆ. ಎಡಗಡೆ ದೊಡ್ಡ ಜರಿಯೊಂದು ಅರ್ಧಕ್ಕೆ ತುಂಡಾಗಿದೆ. ಮೇಲೆ ಬಲಮೂಲೆಯಲ್ಲಿ ಆಕಾಶದ ಬಿಳಿ ಚೂರು, ಕೆಳಗೆ ಒಣಗಿದ ಅಡಿಕೆ ಸೋಗೆಯ ತುದಿ, ಅದರ ಪಕ್ಕ ನೀರಿನ ಪೈಪು. ನೀವು ಹಂಸಪಾದಿಯನ್ನು ನೋಡುತ್ತ ಗುಂಡಿ ಒತ್ತಿದ್ದೀರಿ. ನಾನು ಚಿತ್ರ ನೋಡುವಾಗ ನನ್ನ ಕಣ್ಣು ಮೊದಲು ಹೋದದ್ದು ಆ ಬಿಳಿ ಚೂರಿಗೆ, ಆಮೇಲೆ ಪೈಪಿಗೆ.

ನಾನು ಕೆಲಸ ಕಲಿತದ್ದು ಶಿವಮೊಗ್ಗದಲ್ಲಿ, ಹಿರಿಯರೊಬ್ಬರ ಕೈಕೆಳಗೆ. ಮೊದಲ ಸಲ ಗ್ರೂಪ್ ಫೋಟೊ ತೆಗೆಯಲು ಬಿಟ್ಟಾಗ ನಾನು ಮದುಮಗಳನ್ನೇ ನೋಡುತ್ತಿದ್ದೆ. ಅವರು ಬೆನ್ನಿಗೆ ತಟ್ಟಿ ಹೇಳಿದರು: ಮದುಮಗಳನ್ನು ಯಾರೂ ಮರೆಯುವುದಿಲ್ಲ, ನೀನು ಎಡಗಡೆಯ ಕೊನೆಯಲ್ಲಿ ನಿಂತ ಸೋದರಮಾವನ ಭುಜ ಎಲ್ಲಿದೆ ನೋಡು. ಭುಜ ಅರ್ಧ ಹೊರಗಿತ್ತು. ಆ ಪ್ರತಿ ಹಾಗೆಯೇ ಅಚ್ಚಾಗಿದ್ದರೆ ಆ ಮನೆಯಲ್ಲಿ ಆ ಮಾವ ಸಾಯುವ ತನಕ ನನ್ನ ಹೆಸರು ಹೇಳುತ್ತಿದ್ದರು. ಅಂದಿನಿಂದ ಇಂದಿನವರೆಗೆ ನಾನು ಚೌಕಟ್ಟಿನ ನಾಲ್ಕು ಅಂಚುಗಳಿಗೆ ಒಂದು ಪ್ರದಕ್ಷಿಣೆ ಹಾಕದೆ ಗುಂಡಿ ಒತ್ತಿದವನಲ್ಲ. ಮೇಲಿನ ಎಡಮೂಲೆಯಿಂದ ಹೊರಟು ಸುತ್ತಿ ಬರುವುದು. ದಾರಿಯಲ್ಲಿ ಅರ್ಧ ತುಂಡಾದದ್ದು ಸಿಕ್ಕರೆ ಪೂರ್ತಿ ಒಳಗೆ ಕರೆಯುವುದು, ಆಗದಿದ್ದರೆ ಪೂರ್ತಿ ಹೊರಗೆ ಕಳಿಸುವುದು. ಅಂಚಿನಲ್ಲಿ ಬೆಳ್ಳಗಿನದು ಏನೇ ಇದ್ದರೂ ಹೊರಗೆ. ಹತ್ತು ಸೆಕೆಂಡಿನ ಕೆಲಸ. ಜರಿ ಎಲ್ಲಿಗೂ ಓಡಿಹೋಗುವುದಿಲ್ಲ.

ಅಂಚು ಶುದ್ಧವಾದ ಮೇಲೆ ಇನ್ನೊಂದು ಪ್ರಶ್ನೆ: ಇದು ಯಾರ ಮದುವೆ? ಜರಿಯದ್ದಾದರೆ ಹಾವಸೆ ಚಪ್ಪರವಾಗಬೇಕು, ಕಲ್ಲು ಮನೆಯಾಗಬೇಕು. ಹಾವಸೆಯದ್ದೇ ಮದುವೆಯಾದರೆ ಜರಿ ಒಂದು ಮೂಲೆಯಲ್ಲಿ ಅತಿಥಿಯಂತೆ ಕೂತಿರಲಿ. ಎರಡು ಮದುವೆಯನ್ನು ಒಂದೇ ಚಪ್ಪರದಲ್ಲಿ ಮಾಡಿದಾಗ ಊಟಕ್ಕೆ ಕೂತವರಿಗೂ ಗೊಂದಲ. ನಿಮ್ಮ ಮೂರನೆಯ ಚಿತ್ರದಲ್ಲಿ ನಾಲ್ಕು ಜಾತಿಯ ಜರಿ ಒಂದೇ ಗಾತ್ರದಲ್ಲಿ ಇವೆ. ಸಸ್ಯಶಾಸ್ತ್ರದ ಪುಸ್ತಕಕ್ಕೆ ಅದು ಚೆನ್ನ.

ನನ್ನ ಮನೆಯ ಬಚ್ಚಲಿನ ಹಿಂದೆಯೂ ಮುರಕಲ್ಲಿನ ಒಂದು ಧರೆ ಇದೆ. ಅದರಲ್ಲಿ ಮೂರಡಿ ಅಗಲದ ಜಾಗವೊಂದನ್ನು ಒಂದು ಮಘೆ ಮಳೆಯಲ್ಲಿ ನಾಲ್ಕು ದಿನ ತೆಗೆದೆ. ಮೊದಲ ದಿನ ಮೂರಡಿಯನ್ನೂ ತೆಗೆದು ಗೊಜ್ಜು ಮಾಡಿದೆ. ಎರಡನೆಯ ದಿನ ಒಂದು ಮೊಳಕ್ಕೆ ಇಳಿಸಿದೆ. ಹಂಸಪಾದಿಯ ಕಡ್ಡಿ ಎಣ್ಣೆ ಹಚ್ಚಿದ ಕೂದಲಿನಂತೆ ಕಪ್ಪಗೆ ಹೊಳೆಯುತ್ತದೆ, ಗಮನಿಸಿದ್ದೀರಾ? ಆ ಕಪ್ಪು ಗೆರೆ ಹಾವಸೆಯ ದಿಂಬಿನಿಂದ ಎದ್ದು ಬಲಕ್ಕೆ ಬಾಗಿ ಹೋಗುತ್ತಿತ್ತು. ಮೂರನೆಯ ದಿನ ಅದನ್ನು ಸರಿಯಾಗಿ ನಡುವೆ ಇಟ್ಟು ತೆಗೆದೆ, ಪೆಟ್ಟಿಗೆಯೊಳಗೆ ತುರುಕಿದಂತೆ ಕಂಡಿತು. ನಾಲ್ಕನೆಯ ದಿನ ಕ್ಯಾಮೆರಾವನ್ನು ಬಲಕ್ಕೆ ಒಂದು ಗೇಣು ಸರಿಸಿದೆ. ಬಾಗಿದ ತುದಿಯ ಮುಂದೆ ಏನೂ ಇಲ್ಲದ ಕೆಂಪು ಕಲ್ಲಿನ ಒಂದು ಪಟ್ಟಿ ಬಂತು. ಅಷ್ಟೇ ಬೇಕಾಗಿದ್ದದ್ದು. ಪಕ್ಕಕ್ಕೆ ತಿರುಗಿ ಕೂತ ಮುಖಕ್ಕೂ ನಾವು ನೋಟದ ಕಡೆ ಜಾಗ ಬಿಡುತ್ತಿದ್ದೆವಲ್ಲ. ಆ ಬೋಳು ಕಲ್ಲನ್ನು ತುಂಬಿಸಬೇಕು ಎಂದು ನಿಮಗೆ ಆಸೆಯಾಗುತ್ತದೆ. ತಡೆದುಕೊಳ್ಳಿ.

ಹಳೆಯ ಎರಡು ಕಣ್ಣಿನ ಯಾಶಿಕಾ ಕ್ಯಾಮೆರಾದಲ್ಲಿ ಒಂದು ಉಪಕಾರವಿತ್ತು. ತಲೆ ತಗ್ಗಿಸಿ ಗಾಜಿನ ಮೇಲೆ ನೋಡಬೇಕು, ಅಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಮೊದಲು ತಲೆ ತಿರುಗುತ್ತದೆ, ಆಮೇಲೆ ಜರಿ ಜರಿಯಾಗಿ ಉಳಿಯದೆ ಬರೀ ಆಕಾರವಾಗುತ್ತದೆ. ತೂಕ ಯಾವ ಕಡೆ ಇದೆ ಎಂದು ತಟ್ಟನೆ ಹೊಳೆಯುತ್ತದೆ. ಅಪಕಾರವೂ ಇತ್ತು: ನೋಡುವುದು ಮೇಲಿನ ಲೆನ್ಸಿನಲ್ಲಿ, ತೆಗೆಯುವುದು ಕೆಳಗಿನದರಲ್ಲಿ. ಹತ್ತಿರ ಹೋದಷ್ಟೂ ಇವೆರಡರ ನೋಟ ಬೇರೆಯಾಗುತ್ತದೆ. ಕ್ಲೋಸಪ್ ಗಾಜು ಹಾಕಿಕೊಂಡು ನಾನು ತೆಗೆದ ಮೊದಲ ರೋಲಿನ ಹನ್ನೆರಡೂ ಚಿತ್ರಗಳಲ್ಲಿ ಜರಿಯ ತಲೆ ಹಾರಿಹೋಗಿತ್ತು. ನಿಮಗೆ ಆ ಕಷ್ಟವಿಲ್ಲ. ತೆಗೆದ ಚಿತ್ರವನ್ನು ತೆರೆದು ಮೊಬೈಲನ್ನು ತಲೆಕೆಳಗು ಮಾಡಿ ನೋಡಿ. ಗೊಜ್ಜಾಗಿದ್ದರೆ ಆಗಲೇ ಗೊತ್ತಾಗುತ್ತದೆ.

ಪ್ರಶ್ನೆ: ಒದ್ದೆ ಎಲೆಗಳು ಚಿತ್ರದಲ್ಲಿ ಬಿಳಿಬಿಳಿಯಾಗಿ ಬರುತ್ತವೆ. ಪೋಲರೈಸರ್ ಕೊಳ್ಳಬೇಕೇ? ಬೆಳಿಗ್ಗೆ ಹೋಗುವುದು ಒಳ್ಳೆಯದೋ ಸಂಜೆಯೋ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಸಕಲೇಶಪುರ

ಆ ಬಿಳಿ ಎಲೆಯದ್ದಲ್ಲ, ಆಕಾಶದ್ದು. ನೀರು ಕುಡಿದ ಎಲೆ ಸಣ್ಣ ಕನ್ನಡಿ, ಮೋಡದ ಬಿಳುಪನ್ನು ನಿಮ್ಮ ಲೆನ್ಸಿಗೆ ಎಸೆಯುತ್ತದೆ. ಪೋಲರೈಸರ್ ಎಂಬ ಫಿಲ್ಟರ್ ಗಾಜನ್ನು ಲೆನ್ಸಿನ ಮುಂದೆ ನಿಧಾನ ತಿರುಗಿಸಿದರೆ ಆ ಬಿಳುಪು ಇಳಿದು ಒಳಗಿನ ಹಸಿರು ಮೇಲೇಳುತ್ತದೆ. ಮೊದಲ ಸಲ ನೋಡಿದಾಗ ನಾನು ಅದನ್ನು ಹತ್ತು ಸಲ ಹಿಂದೆ ಮುಂದೆ ತಿರುಗಿಸುತ್ತ ಮಗುವಿನಂತೆ ಕೂತಿದ್ದೆ.

ಆದರೆ ಅದು ಎಲ್ಲ ಕೋನದಲ್ಲೂ ನಡೆಯುವುದಿಲ್ಲ. ಒದ್ದೆ ಮೈಗೆ ನೇರ ಎದುರಾಗಿ ನಿಂತರೆ ಹೆಚ್ಚೇನೂ ಆಗದು. ಓರೆಯಾಗಿ, ನೀರಿನ ಮೈಯಿಂದ ಸುಮಾರು 37 ಡಿಗ್ರಿಯಷ್ಟು ಎತ್ತರದಿಂದ ನೋಡಿದಾಗ ಅದರ ಪೂರ್ತಿ ಶಕ್ತಿ ಕಾಣುತ್ತದೆ. ಮತ್ತೆ, ಅದು ಬೆಳಕಿಗೆ ಸುಂಕ ಹಾಕುತ್ತದೆ, ಸುಮಾರು ಒಂದೂವರೆಯಿಂದ ಎರಡು ಸ್ಟಾಪ್. ಎರಡು ಸ್ಟಾಪ್ ಎಂದರೆ ನಾಲ್ಕರಲ್ಲಿ ಒಂದು ಪಾಲು ಬೆಳಕು ಮಾತ್ರ ಉಳಿಯಿತು. ಮಳೆಗಾಲದ ಕಾಡಿನಲ್ಲಿ ಮಧ್ಯಾಹ್ನವೇ ದೀಪ ಹಚ್ಚುವಂತಿರುತ್ತದೆ. ಹಾಗಾಗಿ ಮೊದಲು ಟ್ರೈಪಾಡ್, ಹಣ ಉಳಿದರೆ ಪೋಲರೈಸರ್.

ಕೊಂಡರೂ ಪೂರ್ತಿ ತಿರುಗಿಸಬೇಡಿ. ಹೊಳಪೆಲ್ಲ ಹೋದ ಹಾವಸೆ ಕಂಬಳಿಯ ತುಂಡಿನಂತೆ ಕಾಣುತ್ತದೆ, ಮಳೆಯಲ್ಲಿ ನೆನೆದ ಕಲ್ಲು ಒಣಕಲಾಗುತ್ತದೆ. ಪಾಸ್‌ಪೋರ್ಟ್ ಫೋಟೊದಲ್ಲೂ ಕಣ್ಣಗುಡ್ಡೆಯಲ್ಲಿ ಒಂದು ಚುಕ್ಕೆ ಬೆಳಕು ಬಿಡುತ್ತಿದ್ದೆವು. ಅದಿಲ್ಲದಿದ್ದರೆ ಮುಖ ತಿಥಿಯ ಫೋಟೊದಂತೆ ಆಗುತ್ತಿತ್ತು.

ಪೋಲರೈಸರಿಗಿಂತ ಹಳೆಯ ಉಪಾಯ ಕಪ್ಪು ಕೊಡೆ. ಎಲೆಗೂ ಆಕಾಶಕ್ಕೂ ನಡುವೆ ಬಿಡಿಸಿ ಹಿಡಿದರೆ ಕನ್ನಡಿಗೆ ಕಪ್ಪೇ ಕಾಣುತ್ತದೆ, ಬಿಳುಪು ಮಾಯ. ಕೊಡೆ ಹಿಡಿಯಲು ಇನ್ನೊಬ್ಬರು ಬೇಕು. ನನಗೆ ನಮ್ಮ ಮನೆಯವಳು ಹಿಡಿಯುತ್ತಿದ್ದಳು. "ಮನುಷ್ಯರು ನೆನೆಯುತ್ತಿದ್ದಾರೆ, ಇವರು ಸೊಪ್ಪಿಗೆ ಕೊಡೆ ಹಿಡಿಸುತ್ತಾರೆ" ಎಂದು ಅವಳು ನೆಂಟರ ಮುಂದೆ ಹೇಳಿದ್ದು ಊರಲ್ಲಿ ಇನ್ನೂ ಓಡಾಡುತ್ತಿದೆ. ಬಿಸಿಲು ಬಂದುಬಿಟ್ಟರೆ ಇದಕ್ಕೆ ವಿರುದ್ಧ: ಬಿಳಿ ಪಂಚೆಯನ್ನು ಎರಡು ಕೋಲಿಗೆ ಕಟ್ಟಿ ಬಿಸಿಲಿಗೆ ಅಡ್ಡ ಹಿಡಿಯಿರಿ.

ಹೊತ್ತಿನ ವಿಚಾರ: ಮೋಡ ಮುಚ್ಚಿದ ದಿನ ಹನ್ನೆರಡು ಗಂಟೆಯೂ ಒಳ್ಳೆಯದೇ. ನನ್ನ ಆಯ್ಕೆ ಕೇಳಿದರೆ, ಜಡಿಮಳೆ ನಿಂತ ಮೇಲಿನ ಅರ್ಧ ಗಂಟೆ. ಗಾಳಿ ಸತ್ತಿರುತ್ತದೆ, ತುದಿಗಳಲ್ಲಿ ಹನಿ ಇರುತ್ತದೆ, ಮೋಡ ಇನ್ನೂ ಬಿರಿದಿರುವುದಿಲ್ಲ. ಕಾಡಿನ ಜಿಗಣೆಗಳಾದ ಇಂಬಳಗಳಿಗೂ ಅದೇ ಮುಹೂರ್ತ. ಹೊಗೆಸೊಪ್ಪು, ಸುಣ್ಣವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋಗಿ.

ಪ್ರಶ್ನೆ: ಮ್ಯಾಕ್ರೋ ಲೆನ್ಸ್ ಕೊಂಡಿದ್ದೇನೆ. ಜರಿಯ ತುದಿ ಸ್ಪಷ್ಟವಾದರೆ ಬುಡ ಮಂಜು. ಎಫ್ 22ಕ್ಕೆ ಇಳಿಸಿದರೂ ತೃಪ್ತಿಯಿಲ್ಲ, ಎಲ್ಲವೂ ಸ್ವಲ್ಪ ಮಾಸಲು. ಲೆನ್ಸ್ ಕೆಟ್ಟದ್ದೇ?
— ನಿವೃತ್ತ ಶಿಕ್ಷಕರು, ಮೂಡಿಗೆರೆ

ಲೆನ್ಸನ್ನು ಬೈಯಬೇಡಿ ಮೇಷ್ಟ್ರೇ. ಎಫ್ ಸಂಖ್ಯೆ ಎಂದರೆ ಲೆನ್ಸಿನ ಕಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು. ವಸ್ತುವಿನ ಗಾತ್ರದಷ್ಟೇ ಬಿಂಬ ಬೀಳುವಷ್ಟು ಹತ್ತಿರ ಹೋದರೆ, ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ ಎಫ್ 8ಕ್ಕೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು ಒಂದು ಮಿಲಿಮೀಟರ್. ಒಂದು ರಾಗಿ ಕಾಳಿನ ದಪ್ಪ ಎನ್ನಿ. ಬಿಂಬ ವಸ್ತುವಿನ ಹತ್ತರಲ್ಲಿ ಒಂದು ಪಾಲಾಗುವಷ್ಟು ಹಿಂದೆ ಸರಿದರೆ ಅದೇ ಎಫ್ 8ಕ್ಕೆ ಸುಮಾರು ಐದು ಸೆಂಟಿಮೀಟರ್, ಮೂರು ಬೆರಳಿನಗಲ. ಎಷ್ಟು ವ್ಯತ್ಯಾಸ ನೋಡಿ! ಹೊಸದಾಗಿ ಮ್ಯಾಕ್ರೋ ಕೊಂಡವರು ಅದು ಹೋಗುವಷ್ಟು ಹತ್ತಿರ ಹೋಗಲೇಬೇಕು ಎಂದುಕೊಳ್ಳುತ್ತಾರೆ. ಜರಿ ಮತ್ತು ಕಲ್ಲು ಎರಡೂ ಬೇಕಾದವರು ಒಂದು ಮಾರು ದೂರದಲ್ಲಿ ನಿಂತರೆ ಅರ್ಧ ಕಷ್ಟ ಕಳೆಯಿತು.

ಎಫ್ 22ರ ಮಾಸಲಿಗೆ ಕಾರಣ ಬೇರೆ. ತೀರ ಕಿರಿದಾದ ಕಂಡಿಯಲ್ಲಿ ನುಗ್ಗುವ ಬೆಳಕು ಅಂಚಿನಲ್ಲಿ ಚೆದುರುತ್ತದೆ. ಬುಡದಿಂದ ತುದಿಯವರೆಗೆ ಎಲ್ಲವೂ ಸಮನಾಗಿ ಇರುತ್ತದೆ, ಸಮನಾಗಿ ಮೊಂಡೂ ಆಗಿರುತ್ತದೆ. ಎಫ್ 8ರಿಂದ 11ರ ನಡುವೆ ಇರಿ, ತೀರ ಬೇಕಾದಾಗ 16.

ಉಳಿದದ್ದನ್ನು ಕ್ಯಾಮೆರಾ ನಿಲ್ಲಿಸುವ ಕ್ರಮದಿಂದ ಗೆಲ್ಲಬೇಕು. ನಿಮ್ಮ ಕಪ್ಪುಹಲಗೆಯನ್ನೇ ನೆನೆಯಿರಿ. ಎದುರಿಗೆ ನಿಂತು ತೆಗೆದರೆ ನಾಲ್ಕು ಮೂಲೆಯೂ ಸ್ಪಷ್ಟ, ಬಾಗಿಲ ಸಂದಿನಿಂದ ತೆಗೆದರೆ ಒಂದೇ ಸಾಲು ಸ್ಪಷ್ಟ. ಕಲ್ಲಿನ ಮೈ ಹೇಗೆ ವಾಲಿದೆಯೋ ಕ್ಯಾಮೆರಾದ ಬೆನ್ನೂ ಹಾಗೆಯೇ ವಾಲಬೇಕು. ಮುಂದೆ ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಪಕ್ಕಕ್ಕೆ ಹೋಗಿ, ಕಲ್ಲು ಒಂದು ಕಡೆ, ಕ್ಯಾಮೆರಾ ಒಂದು ಕಡೆ, ನಡುವೆ ಸಂದು ಮೇಲೆ ಕೆಳಗೆ ಒಂದೇ ಇದೆಯೇ ಎಂದು ಗೋಡೆ ಕಟ್ಟುವವನಂತೆ ಒಂದು ಕಣ್ಣು ಮುಚ್ಚಿ ನೋಡಿ. ಕಲ್ಲಿಗೆ ಅಂಟಿಕೊಂಡು ಚಪ್ಪಟೆಯಾಗಿ ಹರಡಿದ ಜರಿಗಳನ್ನೇ ಆರಿಸಿ. ನಿಮ್ಮ ಕಡೆಗೇ ಕೈ ಚಾಚಿದ ಎಲೆಯನ್ನು ಯಾವ ಎಫ್ ಸಂಖ್ಯೆಯೂ ಉಳಿಸುವುದಿಲ್ಲ. ಹಲವು ಫೋಕಸ್‌ನಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಹೊಲಿಯುವ ವಿಧಾನವಿದೆ, ಆದರೆ ಗಾಳಿಗೆ ಎಲೆ ಒಂದು ಕೂದಲಿನಷ್ಟು ಅಲುಗಿದರೂ ಹೊಲಿಗೆ ಬಿಡುತ್ತದೆ. ಹಾವಸೆಗೆ ಅದು ಸರಿ, ಹಂಸಪಾದಿಗೆ ಅಲ್ಲ. ಅದು ನೀವು ಉಸಿರು ಬಿಟ್ಟರೂ ನಡುಗುತ್ತದೆ.

ಟ್ರೈಪಾಡಿನ ನಡುಗಂಬ ಎತ್ತಬೇಡಿ. ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯಿರಿ. ಮಂಡಿಗೆ ಒಂದು ಅಡಿಕೆ ಹಾಳೆ ಹಾಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಯಾವ ಮೆತ್ತೆಯೂ ಅದಕ್ಕೆ ಸಾಟಿಯಿಲ್ಲ, ಕೆಸರು ಮೆತ್ತಿದರೆ ಅಲ್ಲೇ ಬಿಟ್ಟು ಬರಬಹುದು.

ಪ್ರಶ್ನೆ: ಮೊಬೈಲಿನಲ್ಲಿ ಇಂಥ ಚಿತ್ರ ಆಗುತ್ತದೆಯೇ?
— ಕೆಎಸ್‌ಆರ್‌ಟಿಸಿ ನಿರ್ವಾಹಕರು, ಸಾಗರ

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಸಣ್ಣ ಸೆನ್ಸರಿಗೆ ಆಳದ ಸ್ಪಷ್ಟತೆ ಹೆಚ್ಚು, ಮೇಷ್ಟ್ರ ಕಷ್ಟ ನಿಮಗಿಲ್ಲ. ಮೊದಲು ಲೆನ್ಸ್ ಒರೆಸಿ. ನನಗೆ ಬರುವ ಮಂಜು ಮಂಜು ಚಿತ್ರಗಳಲ್ಲಿ ಹೆಚ್ಚಿನವು ಬೆರಳಿನ ಜಿಡ್ಡಿನವು. ಬಹಳಷ್ಟು ಫೋನುಗಳು ಹತ್ತಿರ ಹೋದ ಕೂಡಲೇ ತಾವೇ ಅಗಲ ಲೆನ್ಸಿಗೆ ಹಾರುತ್ತವೆ. ಅದರಲ್ಲಿ ಅಂಚಿನ ಎಲೆಗಳು ಎಳೆದಂತೆ ಆಗುತ್ತವೆ, ಫೋನಿನ ನೆರಳೂ ಬೀಳುತ್ತದೆ. ಒಂದು ಹೆಜ್ಜೆ ಹಿಂದೆ ಬಂದು ಎರಡು ಪಟ್ಟು ಎಂದು ತೋರಿಸುವಲ್ಲಿ ಒತ್ತಿ. ಎಲೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಕಟ್ಟಿಹಾಕಿ, ಬೆಳಕನ್ನು ತುಸು ಇಳಿಸಿ. ಕಪ್ಪು ಕಲ್ಲು ಕಂಡ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೊರಡುತ್ತದೆ, ಬಿಡಬೇಡಿ. ನಿಮ್ಮ ಬಸ್ಸು ಘಾಟಿಯಲ್ಲಿ ಚಹಾಕ್ಕೆ ನಿಲ್ಲುವ ಹತ್ತು ನಿಮಿಷ ಸಾಕು. ರಸ್ತೆಯ ಕಡೆ ಬೆನ್ನು ಮಾಡಿ ನಿಲ್ಲುವಾಗ ಮಾತ್ರ ಎಚ್ಚರ.

ಪ್ರಶ್ನೆ: ಚಿತ್ರಕ್ಕಾಗಿ ಅಡ್ಡ ಬಂದ ಎಲೆ ಕೀಳಬಹುದೇ? ಬೇಸಗೆಯಲ್ಲಿ ಒಣಗಿದ ಹಾವಸೆಗೆ ನೀರು ಚಿಮುಕಿಸಬಹುದೇ? ಹಾವಸೆಯ ಹೆಕ್ಕಳಿಕೆ ಎಬ್ಬಿಸಿ ಮನೆಗೆ ತಂದು ತೆಗೆದರೆ ತಪ್ಪೇ?
— ಹವ್ಯಾಸಿ ಛಾಯಾಗ್ರಾಹಕರು, ಮಡಿಕೇರಿ

ಮೂರಕ್ಕೂ ಮೂರು ಉತ್ತರ. ಉದುರಿದ ಒಣ ಎಲೆಯನ್ನು ಎತ್ತಿ ಪಕ್ಕಕ್ಕಿಡಿ, ಯಾರ ಅಭ್ಯಂತರವೂ ಇಲ್ಲ. ಬದುಕಿರುವುದನ್ನು ಕೀಳಬೇಡಿ, ಒಂದು ದಾರದಿಂದ ಮೆಲ್ಲಗೆ ಹಿಂದಕ್ಕೆ ಕಟ್ಟಿ, ತೆಗೆದ ಮೇಲೆ ಬಿಚ್ಚಿ ಬನ್ನಿ. ದಾರ ಮರೆತು ಬರುವವರೇ ಹೆಚ್ಚು.

ನೀರು ಚಿಮುಕಿಸುವುದರಲ್ಲಿ ನಾನು ದೋಷ ಕಾಣೆ. ಹಾವಸೆಗೆ ನಿಜವಾದ ಬೇರಿಲ್ಲ. ಕಲ್ಲಿಗೆ ಹಿಡಿದುಕೊಳ್ಳಲು ಕೂದಲಿನಂಥ ಎಳೆಗಳಿವೆ, ನೀರನ್ನು ಹೆಚ್ಚಾಗಿ ಎಲೆಯ ಮೈಯಿಂದಲೇ ಹೀರುತ್ತದೆ. ಅದಕ್ಕೇ ಕಂದಾಗಿ ಮುದುಡಿದ್ದದ್ದು ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಬಿಚ್ಚಿಕೊಂಡು ಹಸಿರಾಗುವುದು. ಆ ಬಿಚ್ಚಿಕೊಳ್ಳುವಿಕೆಯನ್ನೇ ಒಂದರ ಪಕ್ಕ ಒಂದರಂತೆ ನಾಲ್ಕು ಚಿತ್ರ ಮಾಡಿ, ಯಾರೂ ಮಾಡುತ್ತಿಲ್ಲ. ಆದರೆ ಗ್ಲಿಸರಿನ್ ಬೆರೆಸಿ ಹನಿ ನಿಲ್ಲಿಸುವ ವಿದ್ಯೆಯನ್ನು ಹೂವಿನ ಕ್ಯಾಲೆಂಡರಿನವರಿಗೆ ಬಿಟ್ಟುಬಿಡಿ.

ಎಬ್ಬಿಸಿ ತರುವುದು ಬೇಡ. ನನ್ನದೇ ಒಂದು ಪಾಪ ಹೇಳುತ್ತೇನೆ. ಹಳ್ಳದ ದಂಡೆಯ ಒಂದು ಬಂಡೆಯ ಮೇಲೆ ಇನ್ನೊಂದು ಕೋನ ಬೇಕು ಎಂದು ಮಂಡಿ ಊರಿದೆ. ಹಾವಸೆ ಮುದ್ದೆಯಾಗಿ ಜಾರಿ ಬಂತು, ನಾನೂ ಜಾರಿದೆ. ಮರುವರ್ಷ ಹೋದಾಗ ನನ್ನ ಮಂಡಿಯ ಗಾತ್ರದ ಬೋಳು ಅಲ್ಲಿಯೇ ಇತ್ತು. ಅದರ ಮರುವರ್ಷವೂ ಇತ್ತು. ಆ ಬಂಡೆಯಲ್ಲಿ ತೆಗೆದ ಚಿತ್ರ ಎಲ್ಲಿ ಹೋಯಿತೋ ನೆನಪಿಲ್ಲ, ಬೋಳು ಮಾತ್ರ ಕಣ್ಣಿಗೆ ಕಟ್ಟಿದೆ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದಲ್ಲಾದರೆ ಗಿಡ ಕೀಳುವುದು ಕಾನೂನಿಗೇ ವಿರುದ್ಧ, ಒಳಗೆ ಕಾಲಿಡಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮ ಕೊಡಗಿನಲ್ಲಿ ಹಳ್ಳದ ಬದಿಯ ತೆರ್ಮೆ ತೊಪ್ಪನ್ನು ಪಲ್ಯಕ್ಕೆ ಮುರಿಯುತ್ತೀರಲ್ಲ, ಅದು ಬೇರೆ ಮಾತು. ಸುರುಳಿ ಬಿಚ್ಚದ ಆ ಎಳೆಯ ತುದಿಗಳನ್ನು ಒಲೆಗೆ ಏರುವ ಮುನ್ನ ಒಂದು ಕಪ್ಪು ತಟ್ಟೆಯ ಮೇಲಿಟ್ಟು ತೆಗೆಯಿರಿ. ಆಮೇಲೆ ತಿನ್ನಿ.

ಪ್ರಶ್ನೆ: ನನ್ನ ಹಸಿರು ಬಣ್ಣ ಹಚ್ಚಿದಂತೆ ಕಾಣುತ್ತದೆ. ಪ್ರಿಂಟ್ ಹಾಕಿಸಿದರೆ ಇನ್ನೂ ಕೆಟ್ಟದು.
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿರಸಿ

ಮರದ ಕೆಳಗೆ ಬೀಳುವ ಬೆಳಕೇ ಎಲೆಗಳನ್ನು ಹಾದು ಹಸಿರಾಗಿ ಬಂದಿರುತ್ತದೆ. ಅದರ ಮೇಲೆ ನೀವು ಕಂಪ್ಯೂಟರಿನಲ್ಲಿ ಇನ್ನೊಂದು ಕೈ ಹಸಿರು ಬಳಿದಿದ್ದೀರಿ. ಮೊದಲು ಆ ಎರಡನೆಯ ಕೈ ತೆಗೆಯಿರಿ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಮೋಡದ ಗುರುತಿಗೆ ಇಟ್ಟು ನೋಡಿ.

ನನ್ನ ಅಳತೆಗೋಲು ಕಲ್ಲು. ಮುರಕಲ್ಲಿನ ಕೆಂಪು ನಮ್ಮ ಕಣ್ಣಿಗೆ ಹುಟ್ಟಿದಾಗಿನಿಂದ ಗೊತ್ತು. ಅದು ಸರಿಯಾಗಿ ಬಂದಿದ್ದರೆ ಪಕ್ಕದ ಹಸಿರೂ ಸರಿ ಇರುತ್ತದೆ. ಕಲ್ಲು ಕುಂಕುಮವಾಗಿದ್ದರೆ ಅಥವಾ ಬೂದಿಯಾಗಿದ್ದರೆ ಹಸಿರೂ ಸುಳ್ಳು. ಹಸಿರನ್ನೇ ನೋಡುತ್ತ ಹಸಿರು ತಿದ್ದಲು ಹೊರಟವರು ದಾರಿ ತಪ್ಪುತ್ತಾರೆ. ಈ ಕಲ್ಲಿಗೆ ಲ್ಯಾಟರೈಟ್ ಎಂದು 1807ರಲ್ಲಿ ಹೆಸರಿಟ್ಟವನು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಮಾತಿನಿಂದ. ಈ ಕಲ್ಲಿಗೆ ನಾವು ಹೇಳುವ ಜಂಬಿಟ್ಟಿಗೆ ಎಂಬ ಹೆಸರಿನಲ್ಲೂ ಇಟ್ಟಿಗೆಯೇ ಕೂತಿದೆ, ನಮಗೆ ಲ್ಯಾಟಿನ್ ಬೇಕಾಗಲಿಲ್ಲ. ಅದರ ಮೈತುಂಬ ತೂತು, ತೂತಿನ ತುಂಬ ನೀರು. ಹಾವಸೆ ಅಲ್ಲಿ ಅಷ್ಟು ಸೊಗಸಾಗಿ ಹಬ್ಬುವುದಕ್ಕೆ ಅದೇ ಕಾರಣ.

ಪ್ರಶ್ನೆ: ನಾವು ಬೆಂಗಳೂರಿನವರು. ಹಾವಸೆಗೆ ಎಲ್ಲಿಗೆ ಹೋಗೋಣ?
— ದಂಪತಿ, ಜಯನಗರ

ನಿಮ್ಮ ಕಟ್ಟಡದ ಹಿಂದೆ ಮಳೆನೀರಿನ ಪೈಪು ಇಳಿಯುವ ಜಾಗಕ್ಕೆ. ಏಸಿಯ ನೀರು ತೊಟ್ಟಿಕ್ಕುವ ಗೋಡೆಗೆ. ಹತ್ತಿರದ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಜನ ಅದರ ನೆತ್ತಿಯ ಗೋಪುರದ ಮುಂದೆ ಸೆಲ್ಫಿ ತೆಗೆದು ಇಳಿಯುತ್ತಾರೆ. ಮಳೆ ಬಂದ ಮರುದಿನ ಅದರ ಬಿರುಕುಗಳ ಬಳಿ ಕೂತು ನೋಡಿ. ನಂದಿಬೆಟ್ಟಕ್ಕೆ ಸೂರ್ಯೋದಯಕ್ಕೆಂದು ಹೋಗಿ ಮಂಜು ಕವಿದು ಬೇಸರಪಟ್ಟು ಮರಳುವವರೇ ಹೆಚ್ಚು. ಆ ಮಂಜೇ ನಿಮ್ಮ ಬೆಳಕು, 1,478 ಮೀಟರ್ ಎತ್ತರದಲ್ಲಿ ಯಾರೋ ಪಂಚೆ ಕಟ್ಟಿಟ್ಟಿದ್ದಾರೆ ಎಂದುಕೊಳ್ಳಿ.

ಪ್ರಶ್ನೆ: ನಾನಿರುವುದು ಅಮೆರಿಕದ ಸಿಯಾಟಲ್‌ನಲ್ಲಿ, ಊರು ಹೊಸನಗರ ತಾಲ್ಲೂಕು. ಇಲ್ಲಿನ ಹೋಹ್ ಮಳೆಕಾಡಿನಲ್ಲಿ ಹಾವಸೆ ಕಂಡರೆ ಊರೇ ನೆನಪಾಗುತ್ತದೆ. ಇಂಥ ಹತ್ತಿರದ ಚಿತ್ರಗಳಿಗೆ ಇಲ್ಲಿ 'ಇಂಟಿಮೇಟ್ ಲ್ಯಾಂಡ್‌ಸ್ಕೇಪ್' ಎನ್ನುತ್ತಾರೆ. ಯಾರ ಚಿತ್ರ ನೋಡಿ ಕಲಿಯಲಿ?
— ಸಾಫ್ಟ್‌ವೇರ್ ಉದ್ಯೋಗಿ

ಹೋಹ್‌ನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಎಂದು ಓದಿದ್ದೇನೆ. ಆಗುಂಬೆಯಲ್ಲಿ 7,000 ದಾಟುತ್ತದೆ. ಲೆಕ್ಕದಲ್ಲಿ ನಾವು ಗೆದ್ದೆವು, ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ನಿಮ್ಮ ಮೇಪಲ್ ಮರಗಳ ಗಡ್ಡ ನಮ್ಮ ಮರಗಳಿಗಿಂತ ಉದ್ದವಿದ್ದರೆ ಹೊಟ್ಟೆಕಿಚ್ಚು ಪಡುವುದಿಲ್ಲ.

ನೋಡಬೇಕಾದದ್ದು ಅಮೆರಿಕದವರೇ ಆಗಿದ್ದ ಎಲಿಯಟ್ ಪೋರ್ಟರ್ ಅವರ ಚಿತ್ರಗಳನ್ನು. ವೈದ್ಯಕೀಯ ಓದಿ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದವರು ಅದನ್ನು ಬಿಟ್ಟು ಕ್ಯಾಮೆರಾ ಹಿಡಿದರು. ಮೊದಲು ಹಕ್ಕಿಗಳ ಬಣ್ಣದ ಚಿತ್ರ ತೆಗೆದರು, ಆಮೇಲೆ ಎಲೆ, ಕಲ್ಲು, ಹಾವಸೆ. ನೀವು ಹೇಳಿದ ಹೆಸರು ಅವರ ಪ್ರದರ್ಶನದ್ದೇ, 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದದ್ದು. ಅವರ ಚಿತ್ರಗಳಲ್ಲಿ ಬಹಳಷ್ಟಕ್ಕೆ ಆಕಾಶವೇ ಇಲ್ಲ. ಆಕಾಶ ಬಿಟ್ಟ ಕೂಡಲೇ ದೂರ ಇಲ್ಲವಾಗುತ್ತದೆ, ನೋಡುವವನು ನೆಲಕ್ಕೆ ಬಗ್ಗಿದಂತಾಗುತ್ತದೆ. ಒಂದು ಚಿತ್ರ ಎದುರಿಗಿಟ್ಟುಕೊಂಡು ಅಂಚುಗಳಿಗೆ ಪ್ರದಕ್ಷಿಣೆ ಹಾಕಿ ನೋಡಿ, ಎಷ್ಟು ಹುಷಾರಾಗಿ ಬಾಗಿಲು ಹಾಕಿದ್ದಾರೆ! ಜರಿಯ ಸುರುಳಿಯನ್ನು ದೇವಸ್ಥಾನದ ಕಂಬದ ಕೆತ್ತನೆಯಂತೆ ತೋರಿಸಿದ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಅವರದ್ದನ್ನೂ ನೋಡಿ, ಕಪ್ಪುಬಿಳುಪಿನಲ್ಲಿ.

ನಮ್ಮಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಹಕ್ಕಿ, ಪ್ರಾಣಿಗಳ ಚಿತ್ರಗಳಿಂದ ಹೆಸರಾದರು. ಅವರ ದಾರಿಯಲ್ಲಿ ಸಾವಿರಾರು ಜನ ಉದ್ದ ಲೆನ್ಸ್ ಹೊತ್ತು ಹೊರಟರು. ಜರಿಯ ಮುಂದೆ ಮಂಡಿ ಊರಿದವರು ಕಡಿಮೆ. ಹುಲಿಯ ಮುಂದೆ ಜರಿಗೆ ಯಾರು ಮತ ಹಾಕುತ್ತಾರೆ? ರಜೆಗೆ ಬಂದಾಗ ನಿಮ್ಮ ಹೊಸನಗರದ ನಗರ ಕೋಟೆಗೋ ಕವಲೇದುರ್ಗಕ್ಕೋ ಹೋಗಿ. ಗೋಡೆಗಳನ್ನು ಮುಟ್ಟದೆ ತೆಗೆಯಿರಿ, ಮೆಟ್ಟಿಲು ಜಾರುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ದಾರಿಯಲ್ಲಿ ಒಂದು ಜರಿ ಇದೆ, ಎಲೆಯ ಬೆನ್ನು ಬೆಳ್ಳಗೆ. ಕೈಗೆ ಒತ್ತಿ ಹೊಡೆದರೆ ಬಿಳಿ ಅಚ್ಚು ಬೀಳುತ್ತದೆ. ಆ ಅಚ್ಚಿನ ಫೋಟೊ ಅಪ್ಪನ ಮೊಬೈಲಿನಲ್ಲಿ ತೆಗೆದೆ. ಇದು ಜರಿಗಿಡದ ಫೋಟೊ ಆಗುತ್ತದೆಯೇ? ಅಣ್ಣ ಆಗುವುದಿಲ್ಲ ಎನ್ನುತ್ತಾನೆ.
— ಒಂಬತ್ತನೇ ತರಗತಿ, ಶೃಂಗೇರಿ ತಾಲ್ಲೂಕು

ಆಗುತ್ತದೆ ತಮ್ಮಾ. ಕ್ಯಾಮೆರಾ ಹುಟ್ಟಿದ ಹೊಸದರಲ್ಲಿ ಇಂಗ್ಲೆಂಡಿನಲ್ಲಿ ಆನಾ ಅಟ್ಕಿನ್ಸ್ ಎಂಬ ಮಹಿಳೆ ಇದ್ದರು. ಅವರು ಮದ್ದು ಹಚ್ಚಿದ ಕಾಗದದ ಮೇಲೆ ಗಿಡವನ್ನೇ ಇಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಬಿಸಿಲು ಬಿದ್ದಲ್ಲಿ ನೀಲಿ, ಗಿಡ ಕೂತಲ್ಲಿ ಬಿಳಿ. 1843ರಲ್ಲಿ ಸಮುದ್ರದ ಪಾಚಿಗಳಿಂದ ಶುರು ಮಾಡಿ ಮುಂದೆ ಗೆಳತಿಯೊಬ್ಬರ ಜೊತೆ ಸೇರಿ ಜರಿಗಳದ್ದನ್ನೂ ಮಾಡಿದರು. ಕ್ಯಾಮೆರಾ ಇಲ್ಲದೆ! ನಿನ್ನ ಕೈಯ ಮೇಲೆ ಬಿದ್ದದ್ದು ಅವರ ಕಾಗದದ ಹತ್ತಿರದ ನೆಂಟ. ನಿನ್ನ ಗಿಡದ ಮೂಲ ಊರು ಅಮೆರಿಕ ಖಂಡದ ಬಿಸಿ ಪ್ರದೇಶ, ಇಲ್ಲಿಗೆ ವಲಸೆ ಬಂದದ್ದು. ಇನ್ನೊಂದು ಚಿತ್ರ ತೆಗೆ: ಅಚ್ಚು ಬಿದ್ದ ಕೈ ಮತ್ತು ಪುಡಿ ಕಳೆದುಕೊಂಡ ಎಲೆ, ಎರಡೂ ಪಕ್ಕಪಕ್ಕ. ಎಲೆ ಕೀಳದೆ, ಗಿಡದ ಬಳಿಗೆ ಕೈಯನ್ನೇ ಒಯ್ದು ತೆಗೆ.

ಕಳಿಸಿದ ಚಿತ್ರದಲ್ಲಿ ಅಚ್ಚು ಚೆನ್ನಾಗಿ ಬಂದಿದೆ, ಬೆಳಕೂ ಸರಿಯಿದೆ. ಕೆಳಗಿನ ಬಲಮೂಲೆಯಲ್ಲಿ ಮಾತ್ರ ನಿನ್ನ ಅಣ್ಣನ ಚಪ್ಪಲಿ ಅರ್ಧ ಬಂದಿದೆ. ಮುಂದಿನ ಸಲ ಅವನನ್ನು ಪೂರ್ತಿ ಒಳಗೆ ಕರೆ, ಇಲ್ಲವೇ ಪೂರ್ತಿ ಹೊರಗೆ ಕಳಿಸು.